ಅಳಿವೆಗೆ ತಾಗಿದ ಎಂಜಲು

ಕಲ್ಲನ್ನು ನೆಕ್ಕಿ ನೋಡುವ ಚಾಳಿಯನ್ನು ಭೂವಿಜ್ಞಾನಿಗಳಿಗೆ ಮೊದಲು ಯಾರು ಕಲಿಸಿದರೋ ತಿಳಿಯದು. ಹೊರಗಿನವರಿಗೆ ಇದೊಂದು ಹುಚ್ಚಾಟ. ಆದರೆ ಒಣಗಿದ ಕಲ್ಲು ಬಾಯಿ ಬಿಡುವುದಿಲ್ಲ. ಒದ್ದೆ ಮಾಡಿದರೆ ಮಾತ್ರ ಅದರೊಳಗಿನ ಗೆರೆಗಳು ಎದ್ದು ಕಾಣುತ್ತವೆ. ಬೋಳು ಬೆಟ್ಟದ ಮೇಲೆ ಕುಡಿಯುವ ನೀರಿಗೇ ತತ್ವಾರ ಇರುವಾಗ ಕಲ್ಲು ತೊಳೆಯಲು ನೀರೆಲ್ಲಿಂದ ತರುವುದು? ನಾಲಿಗೆಯಾದರೆ ಹೇಗೂ ಜೊತೆಗೇ ಇರುತ್ತದೆ. ಹಾಗಾಗಿ ಸಿಕ್ಕ ಕಲ್ಲನ್ನು ಅಂಗಿಗೆ ಒರೆಸಿ, ಒಮ್ಮೆ ನೆಕ್ಕಿ, ಬಿಸಿಲಿಗೆ ಹಿಡಿದು ನೋಡುವುದು ಇವರ ಕುಲಾಚಾರವೇ ಆಗಿಹೋಗಿದೆ.

ಶೇವಂತಿ ಅಂಬಿಗ ಇದನ್ನು ಕಲಿತದ್ದು ಧಾರವಾಡದ ತನ್ನ ಗುರು ಪ್ರಹ್ಲಾದ ಕಟಗೇರಿಯವರಿಂದ. ಸಂಶೋಧನೆಯ ಮೊದಲ ವರ್ಷ ಅವರು ಅವಳನ್ನು ಹಿಮಾಲಯದ ಸ್ಪಿತಿ ಕಣಿವೆಗೆ ಕರೆದೊಯ್ದಿದ್ದರು. ಹುಲ್ಲೂ ಹುಟ್ಟದ ಆ ಎತ್ತರದಲ್ಲಿ ಒಂದು ಕಾಲಕ್ಕೆ ಕಡಲಿತ್ತು. ಸುಣ್ಣಕಲ್ಲಿನ ಗೋಡೆಯಿಂದ ಅವಳು ಸುತ್ತಿಗೆಯಲ್ಲಿ ಮೆಲ್ಲನೆ ಬಿಡಿಸಿದ ಚಿಪ್ಪು ನಿಂಬೆಹಣ್ಣಿನ ಗಾತ್ರಕ್ಕಿತ್ತು. ಅಂಚಿನ ತನಕ ಒಂದು ಪದರವೂ ಮುಕ್ಕಾಗಿರಲಿಲ್ಲ. ಅವಳು ಅದರ ಅಂಚನ್ನು ಎರಡು ಸಲ ಚೆನ್ನಾಗಿ ನೆಕ್ಕಿದಳು.

"ಸರ್, ಇದು ನಮ್ಮೂರಿನ ಬಳಚಿನ ಹಾಗೇ ಇದೆ!"

ಕಟಗೇರಿ ನಕ್ಕರು. "ನಿಮ್ಮೂರ ಬಳಚಿನ ಎರಡೂ ಚಿಪ್ಪು ಅವಳಿ-ಜವಳಿ ಇದ್ದಂಗ. ಇದರದು ನೋಡವಾ, ಒಂದು ದೊಡ್ಡದು, ಒಂದು ಸಣ್ಣದು. ಆದರ ನಡುವ ಗೆರಿ ಹೊಡದ್ರ ಎಡಾ ಬಲಾ ಎರಡೂ ಸಮ. ಇದು ಬ್ರೇಕಿಯೊಪಾಡ್. ಹಳೇ ಕಾಲದ ಎಣ್ಣಿದೀಪದಂಗ ಕಾಣತದಂತ ದೀಪಚಿಪ್ಪು ಅಂತಾರ. ಮೂವತ್ತೇಳು ಕೋಟಿ ವರ್ಷದ್ದು. ಹೆಂಗದ ರುಚಿ?"

"ಕಹಿ ಸರ್."

"ಅದು ಕಲ್ಲಿಂದಲ್ಲ, ನಾವು ಕುಡಿಯೋ ನೀರಿಂದು."

ಹೌದು, ತೊರೆಯ ನೀರಿಗೆ ಕಂದು ಬಣ್ಣದ ಔಷಧಿಯ ಹನಿ ಬೆರೆಸಿಯೇ ಕುಡಿಯಬೇಕೆಂದು ಅಲ್ಲಿ ಕಟ್ಟಪ್ಪಣೆ. ಅನ್ನ, ಚಹಾ, ಬಾಯಿಯ ಎಂಜಲು ಎಲ್ಲಕ್ಕೂ ಅದೇ ಕಹಿ ಹತ್ತಿಕೊಂಡಿತ್ತು. ಗುರು-ಶಿಷ್ಯೆ ಇಬ್ಬರೂ ನಕ್ಕು ಚಿಪ್ಪನ್ನು ಹತ್ತಿಯಲ್ಲಿ ಸುತ್ತಿಟ್ಟರು. ಅದಕ್ಕೆ 'ಸ್ಪಿತಿ ಒಂಬತ್ತು' ಎಂದು ಹೆಸರಾಯಿತು.

ಆ ಚಿಪ್ಪು ಬದುಕಿದ್ದ ಡೆವೋನಿಯನ್ ಯುಗದಲ್ಲಿ ಕಡಲ ತುಂಬ ಮೀನು, ಹವಳ, ದೀಪಚಿಪ್ಪುಗಳ ಹಾಸು. ಕೇಡು ಬಂದದ್ದು ನೆಲದಿಂದ. ಆಗತಾನೇ ಭೂಮಿಯ ಮೇಲೆ ದೊಡ್ಡ ಮರಗಳು ಹುಟ್ಟಿದ್ದವು. ಅವುಗಳ ಬೇರು ಬಂಡೆಯನ್ನು ಪುಡಿಮಾಡಿತು, ಮಳೆ ಆ ಪುಡಿಯನ್ನು ಕಡಲಿಗೆ ಹೊತ್ತಿತು, ಸತ್ವ ಉಂಡ ಪಾಚಿ ಕೊಬ್ಬಿ ಬೆಳೆದು ಕೊಳೆಯಿತು. ಕೊಳೆತದ್ದು ನೀರಿನ ಪ್ರಾಣವಾಯುವನ್ನೆಲ್ಲ ಹೀರಿತು. ಕಡಲು ಉಸಿರುಗಟ್ಟಿ ಸತ್ತಿತು. ಮರಗಳಿಗೆ ಯಾವ ದುರುದ್ದೇಶವೂ ಇರಲಿಲ್ಲ. ಅವು ತಮ್ಮ ಪಾಡಿಗೆ ಬೇರು ಬಿಟ್ಟವು, ಅಷ್ಟೆ.

ಕಟಗೇರಿಯವರಿಗೆ ಒಂದು ಯೋಚನೆ ಹೊಳೆಯಿತು. ಚಿಪ್ಪು ಬೆಳೆಯುವಾಗ ಋತುವಿಗೊಂದು ಪದರ ಕಟ್ಟುತ್ತದೆ. ನೀರಿನಲ್ಲಿ ಪ್ರಾಣವಾಯು ಚೆನ್ನಾಗಿದ್ದರೆ ಕಡಲಿನ ಅಯೋಡಿನ್ ಆ ಪದರದೊಳಗೆ ಸೇರಿಕೊಳ್ಳುತ್ತದೆ. ನೀರು ಉಸಿರುಗಟ್ಟಿದರೆ ಸೇರುವುದಿಲ್ಲ. ಅಂದರೆ ಪ್ರತಿ ಚಿಪ್ಪೂ ತಾನಿದ್ದ ಕಡಲಿನ ಉಸಿರಾಟವನ್ನು ಮೈಮೇಲೆ ಬರೆದುಕೊಂಡಿರುತ್ತದೆ. ಸಾಯುವ ಮುನ್ನ ಕಟ್ಟಿದ ಕಡೆಯ ಪದರದಲ್ಲಿ ಎಷ್ಟು ಅಯೋಡಿನ್ ಇತ್ತೆಂದು ಅಳೆದರೆ, ಅದೇ ಸಾವಿನ ಗೆರೆ. ಇಂದಿನ ಕಡಲಿನ ಬಳಚಿನಲ್ಲಿ ಆ ಗೆರೆಯನ್ನು ಮುಂಚೆಯೇ ಗುರುತಿಸಿಬಿಟ್ಟರೆ?

ಹಾಗೆ ಹುಟ್ಟಿದ್ದು 'ಕಡಲುಸಿರು' ಯಂತ್ರ. ಲೇಸರ್ ಬೆಳಕಿನ ಸೂಜಿಯಿಂದ ಚಿಪ್ಪಿನ ಪದರವನ್ನು ಕೂದಲೆಳೆಯಷ್ಟು ಕೆತ್ತಿ ಅದು ಓದುತ್ತಿತ್ತು. ಎಲ್ಲ ಯಂತ್ರಗಳಿಗೂ ಸಾವಿನ ಗೆರೆ ಹಾಕಿಕೊಟ್ಟದ್ದು ಸ್ಪಿತಿ ಒಂಬತ್ತು. ಬೇರೆ ಚಿಪ್ಪುಗಳನ್ನು ಮೊದಲು ಆಮ್ಲದಲ್ಲಿ ಅದ್ದಿ ತೊಳೆಯುತ್ತಿದ್ದರು. ಇದನ್ನು ಮಾತ್ರ ಕಟಗೇರಿ ಮುಟ್ಟಗೊಡಲಿಲ್ಲ. "ಅಂಚಿನ ಪದರ ಕರಗಿ ಹೋಗ್ತದ, ಬ್ಯಾಡ," ಎಂದರು. ಉಳಿದ ಚಿಪ್ಪುಗಳು ಇದಕ್ಕಿಂತ ಬಹಳ ಕಡಿಮೆ ಅಂಕಿ ತೋರಿಸಿದಾಗ ಅವು ಕಾಲದ ಹೊಡೆತಕ್ಕೆ ಮಾಸಿಹೋದವು ಎಂದು ಬದಿಗಿಟ್ಟರು. ಹೆತ್ತವರಿಗೆ ಹೆಗ್ಗಣವೂ ಮುದ್ದು. ಇದಂತೂ ನಿಜಕ್ಕೂ ಚೆಂದದ ಚಿಪ್ಪು.

*

ಕುಮಟೆಯ ಕಡೆಯ ಗುಡ್ಡವೊಂದರ ಮೇಲೆ ಕೇಂದ್ರ ತೆರೆಯಿತು. ಕಟಗೇರಿ ನಿರ್ದೇಶಕರು, ಶೇವಂತಿ ಅವರ ಕೈಕೆಳಗೆ. ಗುಡ್ಡ ಇಳಿದರೆ ಹೊಳೆಬಾಗಿಲು ಎಂಬ ಅವಳ ಊರು, ನದಿ ಕಡಲಿಗೆ ಸೇರುವ ಅಳಿವೆ. ಇಳಿತದ ಹೊತ್ತಿಗೆ ಊರಿನ ಹೆಂಗಸರೆಲ್ಲ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು ಬಳಚು ಎಂಬ ಚಿಪ್ಪುಮೀನನ್ನು ಹೆಕ್ಕುತ್ತಿದ್ದರು. ಅವಳ ಅಕ್ಕ ಹೊನ್ನಿಯೂ ಅವರಲ್ಲೊಬ್ಬಳು. ತಾಯಿ ಸತ್ತ ಮೇಲೆ ತಲೆಯ ಮೇಲೆ ಬುಟ್ಟಿ ಹೊತ್ತು ಬಳಚು ಮಾರಿ ತಂಗಿಯನ್ನು ಓದಿಸಿದವಳು ಆ ಹೊನ್ನಿ. ಶೇವಂತಿಯ ಪಾಲಿಗೆ ಅಕ್ಕನೂ ಅವಳೇ, ಅವ್ವನೂ ಅವಳೇ.

ಮೊದಲ ಯಂತ್ರವನ್ನು ತನ್ನೂರ ಅಳಿವೆಯಲ್ಲೇ ಇಡಬೇಕೆಂದು ಶೇವಂತಿ ಹಟ ಹಿಡಿದಿದ್ದಳು. ಪಂಜರದಲ್ಲಿ ಜೀವಂತ ಬಳಚು, ಮೇಲೊಂದು ಕಂಬ, ಕಂಬದ ತುದಿಗೆ ಸೈರನ್. ವರ್ಷ ತುಂಬುವುದರೊಳಗೆ ಅದು ಕೂಗಿತು. ಬಳಚಿನ ಹೊಸ ಪದರ ಸಾವಿನ ಗೆರೆಗಿಂತ ಕೆಳಗಿಳಿದಿತ್ತು.

ಸೈರನ್ ಕೂಗಿದರೆ ಅಳಿವೆ ಬಂದ್ ಎಂದು ಕಾನೂನು ಬಂದಿತ್ತು. ಬಳಚು ಹೆಕ್ಕುವಂತಿಲ್ಲ, ಬಲೆ ಬೀಸುವಂತಿಲ್ಲ. ಶಾಲೆಯ ಜಗಲಿಯಲ್ಲಿ ಸೇರಿದ ಊರಿನವರಿಗೆ ಶೇವಂತಿಯೇ ನಿಂತು ವಿವರಿಸಿದಳು: ಉಸಿರುಗಟ್ಟುವ ನೀರಿನಲ್ಲಿ ವಿಷದ ಪಾಚಿ ಹಬ್ಬುತ್ತದೆ, ಅದನ್ನು ಸೋಸಿ ತಿನ್ನುವ ಬಳಚಿನ ಮೈಯಲ್ಲಿ ವಿಷ ಕೂಡುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮೊದಲು ತುಟಿ ಜುಮ್ಮೆನ್ನುತ್ತದೆ, ಆಮೇಲೆ ನಾಲಿಗೆ ಹೊರಳುವುದಿಲ್ಲ, ಕಡೆಗೆ ಎದೆಯೇ ಉಸಿರೆಳೆಯುವುದನ್ನು ಮರೆತುಬಿಡುತ್ತದೆ.

"ನಮ್ಗೆ ಯಾರಿಗೂ ಎಂತದೂ ಆಗ್ಲಿಲ್ವಲ್ಲೆ?" ಎಂದಳು ಸಾತಕ್ಕ ಎಂಬ ಹಿರಿಯ ಹೆಂಗಸು.

"ಆದ ಮೇಲೆ ಹೇಳೂಕೆ ಯಂತ್ರ ಯಾಕೆ ಬೇಕು ಸಾತಕ್ಕ? ಆಗೂ ಮೊದ್ಲೇ ಹೇಳ್ತದೆ ಇದು."

ಗುಜುಗುಜು ಎದ್ದಿತು. ಆಗ ಹೊನ್ನಿ ಎದ್ದುನಿಂತಳು. ಸಭೆಯಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು. "ನಮ್ಮ ಶೇವ್ತಿ ಸುಳ್ಳು ಹೇಳೂದಿಲ್ಲ. ನಾ ಸಾಕಿದ ಹುಡ್ಗಿ ಅದು. ನಾಳೆಯಿಂದ ನಾ ಹೊಳೆಗಿಳಿಯೂದಿಲ್ಲ. ನೀವು ಎಂತ ಬೇಕಾರೂ ಮಾಡ್ಕಣಿ," ಎಂದು ಬುಟ್ಟಿಯನ್ನು ಅಲ್ಲೇ ಬೋರಲು ಹಾಕಿ ಕುಳಿತಳು. ಅವಳನ್ನು ನೋಡಿ ಉಳಿದವರೂ ಸುಮ್ಮನಾದರು.

ಅಳಿವೆ ಎರಡು ವರ್ಷ ಮುಚ್ಚಿಯೇ ಇತ್ತು. ಹೆಂಗಸರು ದೂರದ ಸೀಗಡಿ ಶೆಡ್ಡುಗಳಿಗೆ ವ್ಯಾನಿನಲ್ಲಿ ಹೋಗತೊಡಗಿದರು. ಅಲ್ಲಿ ಮಂಜುಗಡ್ಡೆಯ ನೀರಿನಲ್ಲಿ ನಿಂತು ಸೀಗಡಿಯ ತಲೆ ಮುರಿಯುವ ಕೆಲಸ. ಹೊನ್ನಿಯ ಬೆರಳುಗಳು ಬಿಳಿಚಿಕೊಂಡು ಒಡೆದವು. ರಾತ್ರಿ ಅವಳು ಅನ್ನ ಕಲಸಲಾರದೆ ಚಮಚದಲ್ಲಿ ಉಣ್ಣುವುದನ್ನು ಶೇವಂತಿ ನೋಡಿಯೂ ನೋಡದ ಹಾಗಿರುತ್ತಿದ್ದಳು. ಒಳ್ಳೆಯದಕ್ಕೇ ಅಲ್ಲವೇ, ಜೀವ ಉಳಿಯುವುದಕ್ಕೇ ಅಲ್ಲವೇ ಎಂದು ತನಗೇ ಹೇಳಿಕೊಳ್ಳುತ್ತಿದ್ದಳು.

ಇನ್ನೊಂದು ಸಂಗತಿಯನ್ನು ಅವಳು ನಿಜಕ್ಕೂ ನೋಡಲಿಲ್ಲ. ಮೇಲ್ದಂಡೆಯಲ್ಲಿ ಹೊಸ ಹೊಸ ಸೀಗಡಿ ಕೆರೆಗಳು ಎದ್ದವು. ಅವುಗಳ ಕೊಳೆನೀರು, ಗೊಬ್ಬರ, ಉಳಿದ ಮೇವು ಎಲ್ಲ ರಾತ್ರೋರಾತ್ರಿ ಹೊಳೆಗೆ ಬಂತು. ಕೇಳುವವರಾದರೂ ಯಾರು? ಹೇಗೂ ಸತ್ತ ಹೊಳೆ ಎಂದು ಸರ್ಕಾರವೇ ಸೈರನ್ ಹಾಕಿ ಸಾರಿತ್ತು. ಸತ್ತವರ ಬಾಯಿಗೆ ಮಣ್ಣಾದರೇನು, ಸಗಣಿಯಾದರೇನು.

*

ಒಂದು ಭಾನುವಾರ ಮಧ್ಯಾಹ್ನ ಹೊನ್ನಿ ಕುಂಟುತ್ತ ಮನೆಗೆ ಬಂದಳು. ಅಂಗಾಲಿನಲ್ಲಿ ಉದ್ದಕ್ಕೆ ಸೀಳಿದ ಗಾಯ, ಮೊಣಕಾಲ ತನಕ ಕೆಸರು.

"ಎಂತ ಮಾಡೂಕೆ ಹೊಳೆಗಿಳಿದಿದ್ದೆ ಅಕ್ಕ?" ಶೇವಂತಿಯ ದನಿ ಗಡುಸಾಗಿತ್ತು.

"ಬಳಚು ಹೆಕ್ಕೂಕಲ್ಲ ಮಾರಾಯ್ತಿ, ಬುಟ್ಟಿನೂ ತಕಂಡು ಹೋಗ್ಲಿಲ್ಲ. ಸುಮ್ನೆ ನಿಂತ್ಕಂಡಿದ್ದೆ. ಕಾಲಿಗೆ ಕೆಸರು ತಾಗಿ ಎಷ್ಟ್ ಕಾಲ ಆಗಿತ್ತು. ಬಂಡೆ ಮೇಲಿನ ಚಿಪ್ಪು ಕೊಯ್ದುಬಿಡ್ತು."

ಶೇವಂತಿ ಪೆಟ್ಟಿಗೆಯಿಂದ ಟಿಂಚರ್ ಬಾಟಲಿ ತೆಗೆದಳು. ಒಂದು ಕೈಯಲ್ಲಿ ಅಕ್ಕನ ಕಾಲು, ಇನ್ನೊಂದರಲ್ಲಿ ಬಾಟಲಿ. ಬಿರಡೆಯನ್ನು ಹಲ್ಲಿನಲ್ಲಿ ಕಚ್ಚಿ ತೆರೆದಳು. ಒಂದು ಹನಿ ನಾಲಿಗೆಗೆ ತಾಗಿತು.

ಆ ಕಹಿ ಅವಳಿಗೆ ಗೊತ್ತಿತ್ತು. ಬೆಟ್ಟ, ಗಾಳಿ, ಸುಣ್ಣಕಲ್ಲಿನ ಗೋಡೆ, ಗುರುವಿನ ನಗು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಈ ಟಿಂಚರಿನಲ್ಲಿರುವುದೂ ಸ್ಪಿತಿಯ ನೀರಿಗೆ ಬೆರೆಸುತ್ತಿದ್ದ ಕಂದು ಹನಿಯೂ ಒಂದೇ, ಅಯೋಡಿನ್. ತಿಂಗಳುಗಟ್ಟಲೆ ಅದನ್ನೇ ಕುಡಿದ ಬಾಯಿಯಿಂದ ಅವಳು ಚಿಪ್ಪಿನ ಕಡೆಯ ಪದರವನ್ನು ನೆಕ್ಕಿದ್ದಳು, ಅದೂ ಎರಡು ಸಲ.

"ಎಂತ ಆಯ್ತೆ? ಉರೀತದೆ ಅಂತ ನಾನು ಕೂಗ್ಬೇಕು, ನಿನ್ನ ಮುಖ ಯಾಕೆ ಹಂಗಾಯ್ತು?" ಎಂದಳು ಹೊನ್ನಿ. ಶೇವಂತಿ ಗಾಯಕ್ಕೆ ಟಿಂಚರ್ ಸುರಿದು ಬಟ್ಟೆ ಕಟ್ಟಿದಳು.

ಮರುದಿನ ಬೆಳಿಗ್ಗೆ ಅವಳು ಯಾರನ್ನೂ ಕೇಳದೆ ಸ್ಪಿತಿ ಒಂಬತ್ತನ್ನು ಗರಗಸಕ್ಕೆ ಕೊಟ್ಟಳು. ಮೂವತ್ತೇಳು ಕೋಟಿ ವರ್ಷ ಮುಕ್ಕಾಗದೆ ಉಳಿದದ್ದು ಅರೆಗಳಿಗೆಯಲ್ಲಿ ಎರಡು ಹೋಳಾಯಿತು. ಅದೇ ಕಡೆಯ ಪದರವನ್ನು, ನಾಲಿಗೆ ತಲುಪಲಾರದ ಒಳಮಗ್ಗುಲಿನಲ್ಲಿ ಯಂತ್ರಕ್ಕೆ ಓದಿಸಿದಳು. ಹೊರಗೆ ಇದ್ದ ಅಯೋಡಿನ್‌ನ ಕಾಲುಭಾಗವೂ ಒಳಗಿರಲಿಲ್ಲ. ಮಾಸಿದವೆಂದು ಬದಿಗಿಟ್ಟ ಬೇರೆ ಚಿಪ್ಪುಗಳ ಅಂಕಿಗೆ ಇದು ಸರಿಯಾಗಿ ಹೊಂದಿಕೊಂಡಿತು. ಅಂದರೆ ಸಾವಿನ ಗೆರೆಯನ್ನು ಇರಬೇಕಾದ್ದಕ್ಕಿಂತ ಬಹಳ ಮೇಲೆ ಎಳೆದಿದ್ದರು. ಹೊಳೆಬಾಗಿಲಿನ ಅಳಿವೆ ಎರಡು ವರ್ಷದ ಹಿಂದೆ ಚೆನ್ನಾಗಿಯೇ ಉಸಿರಾಡುತ್ತಿತ್ತು.

ಕಟಗೇರಿ ಹೋಳಾದ ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಎರಡೂ ಹೋಳನ್ನು ಜೋಡಿಸಿ ನೋಡಿದರು. ಅರವತ್ತು ದಾಟಿದ ಮುಖ ಇನ್ನಷ್ಟು ಮುದುಡಿತು.

"ನಾಲಿಗಿ ಒಳ್ಳೇದಾದ್ರ ನಾಡೆಲ್ಲಾ ಒಳ್ಳೇದು ಅಂತಾರ," ಎಂದರು. "ನಮ್ಮ ನಾಲಿಗಿ ನೋಡವಾ, ಹೆಂಗ ಆತು! ಇರಲಿ. ಗೆರಿ ಕೆಳಗ ಇಳಸೋಣ. ಇವತ್ತ ಮಾಡೋಣ. 'ತಿದ್ದುಪಡಿ ಆಗೇದ, ಅಳಿವಿ ತೆರದೇವಿ' ಅಂದ್ರ ಸಾಕು. ಯಾರ ನಾಲಿಗಿ, ಯಾವ ನೀರು, ಇದೆಲ್ಲಾ ಊರ ಮುಂದ ಬ್ಯಾಡ."

"ಎರಡು ವರ್ಷ ಅವರ ಅನ್ನ ಕಿತ್ಕೊಂಡಿದ್ದೀವಿ ಸರ್. ಯಾಕೆ ಅಂತ ತಿಳಿಯೋ ಹಕ್ಕಾದರೂ ಬೇಡವಾ ಅವರಿಗೆ?"

"ಹಕ್ಕು ಅದ, ಯಾರು ಇಲ್ಲ ಅಂದ್ರು? ಆದರ ನಾಳೆ ನೀರು ಖರೇನ ಉಸಿರುಗಟ್ಟಿ ಈ ಯಂತ್ರ ಕೂಗಿತು ಅನ್ನು. ಯಾರು ಕೇಳತಾರ? ಬೈದ ಜನಾ ಮತ್ತ ನಂಬತಾರವಾ, ನಕ್ಕ ಜನಾ ನಂಬೂದಿಲ್ಲ."

ಶೇವಂತಿಗೆ ಸಿಟ್ಟು ಉಕ್ಕಿತು. ಮುದುಕ ತನ್ನ ಹೆಸರು ಉಳಿಸಿಕೊಳ್ಳಲು ನೋಡುತ್ತಿದ್ದಾನೆ ಎಂದುಕೊಂಡಳು. ಅದು ಸುಳ್ಳೇನೂ ಅಲ್ಲ. ಆದರೆ ಮಾನ ಉಳಿಸಿಕೊಳ್ಳಲು ಹೊರಟವರ ಬಾಯಲ್ಲೂ ಒಮ್ಮೊಮ್ಮೆ ಸತ್ಯ ಬಂದುಬಿಡುತ್ತದೆ, ಅದನ್ನು ಗುರುತಿಸುವ ವ್ಯವಧಾನ ಅವಳಿಗಿರಲಿಲ್ಲ.

*

ಅದೇ ಶಾಲೆಯ ಜಗಲಿಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಹೇಳಿ ಮುಗಿಸಿ ಬೈಗುಳಕ್ಕೆ ತಲೆಯೊಡ್ಡಿ ನಿಂತಳು.

ಸಾತಕ್ಕ ನಿಧಾನವಾಗಿ ಕೇಳಿದಳು: "ಹಂಗಾರೆ ನಮ್ಮ ಹೊಳೆಗೆ ಎಂತದೂ ಆಗಿರ್ಲಿಲ್ಲ?"

"ಇಲ್ಲ ಸಾತಕ್ಕ."

"ನೀ ಯಾವ್ದೋ ಬೆಟ್ಟದಾಗೆ ಕಲ್ಲು ನೆಕ್ಕಿದ್ದಕ್ಕೆ ನಾವು ಎರಡು ವರ್ಸ ಮಂಜುಗಡ್ಡೆ ನೀರಾಗೆ ನಿಂತದ್ದು?"

ಶೇವಂತಿ ತಲೆಯಾಡಿಸಿದಳು. ಸಾತಕ್ಕ ತನ್ನ ಒಡೆದ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಅವಳಿಗೆ ನಗು ಬಂತು. ಒಬ್ಬಳಿಂದ ಒಬ್ಬಳಿಗೆ ಆ ನಗು ಹರಡಿ ಇಡೀ ಜಗಲಿ ನಕ್ಕಿತು. ಕೆಲವರು ನಗುತ್ತಲೇ ಕಣ್ಣೊರೆಸಿಕೊಂಡರು. ಕಲ್ಲು ಹೊಡೆದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಹೊನ್ನಿ ಮಾತ್ರ ನಗಲಿಲ್ಲ. ಬಗ್ಗಿ, ಎರಡು ವರ್ಷದ ಹಿಂದೆ ತಾನು ಬುಟ್ಟಿ ಬೋರಲು ಹಾಕಿದ್ದ ಜಾಗವನ್ನು ನೋಡುತ್ತ ಕೂತಿದ್ದಳು.

ಮನೆಗೆ ಬರುವಾಗ ಅವಳು ಕೇಳಿದ್ದು ಒಂದೇ ಮಾತು. "ನಾ ಎದ್ದು ನಿಂತು ಹೇಳಿದ್ನಲ್ಲೆ ತಂಗಿ, ನೀ ಸುಳ್ಳು ಹೇಳೂದಿಲ್ಲ ಅಂತ?"

"ಸುಳ್ಳಲ್ಲ ಅಕ್ಕ, ತಪ್ಪು."

"ಹೊಟ್ಟೆಗೆ ಎರಡೂ ಒಂದೇ."

ಅಳಿವೆ ತೆರೆಯಿತು. ಹೆಂಗಸರು ಕೇಕೆ ಹಾಕುತ್ತ ಕೆಸರಿಗಿಳಿದರು. ಹೊನ್ನಿ ಮೊದಲ ಬುಟ್ಟಿಯ ಬಳಚಿಗೆ ಕಾಯಿ ತುರಿದು ಹಾಕಿ ಸುಕ್ಕೆ ಮಾಡಿ ತಂಗಿಗೆ ಬಡಿಸಿದಳು. ಬಹಳ ದಿನದ ಮೇಲೆ ಅವಳೂ ಕೈಯಲ್ಲಿ ಕಲಸಿ ಉಂಡಳು. ಊರಿನ ಬಾಯಲ್ಲಿ ಶೇವಂತಿ 'ನೆಕ್ಕು ಮೇಡಂ' ಆದಳು. ಆದರೇನಂತೆ, ಹೊಳೆ ಬದುಕಿದೆಯಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಳು. ಪಂಜರದ ಬಳಚಿನ ಅಂಕಿ ಒಂದೇ ಸಮನೆ ಇಳಿಯುತ್ತಿರುವುದು ಅವಳ ಗಮನಕ್ಕೆ ಬಂದದ್ದು ಮಳೆಗಾಲ ಕಳೆದ ಮೇಲೆ.

ಈ ಸಲ ಅವಳು ಯಂತ್ರವನ್ನು ನಂಬಲಿಲ್ಲ. ಕೈಗವಸು ಹಾಕಿ ಬೇರೆ ಬಳಚು ತಂದಳು, ಆಮ್ಲದಲ್ಲಿ ತೊಳೆದಳು, ನೀರನ್ನೇ ಬೇರೆಯಾಗಿ ಅಳೆದಳು. ಎಲ್ಲವೂ ಒಂದೇ ಮಾತು ಹೇಳಿದವು. ಎರಡು ವರ್ಷ ಸೀಗಡಿ ಕೆರೆಗಳು ಸುರಿದ ಕೊಳೆ ಅಳಿವೆಯ ತಳದಲ್ಲಿ ಕೊಳೆಯುತ್ತಿತ್ತು. ಅಂದು ಮರಗಳು ಮಾಡಿದ್ದನ್ನು ಇಂದು ಈ ಕೆರೆಗಳು ಮಾಡಿದ್ದವು. ಸತ್ತಿದೆ ಎಂದು ಅವಳು ಸುಳ್ಳೇ ಸಾರಿದ್ದರಿಂದ ಹೊಳೆ ಈಗ ನಿಜವಾಗಿ ಸಾಯುತ್ತಿತ್ತು. ತಾನೇ ಕೊಂದಂತಾಯಿತು ಎಂದುಕೊಂಡಳು. ನೀರಿನ ಮೇಲೆ ಕೆಂಪುಕಂದು ಪಾಚಿ ಕಟ್ಟತೊಡಗಿತ್ತು.

ಅವಳು ಕಾಯ್ದೆಯಂತೆ ಪೊಲೀಸರಿಗೆ ಫೋನ್ ಮಾಡಿದಳು. "ಮತ್ತೇನು ನೆಕ್ಕಿದ್ರಿ ಮೇಡಂ?" ಎಂದು ಕೇಳಿ ಆ ಕಡೆಯವರು ಇಟ್ಟುಬಿಟ್ಟರು. ಕಟಗೇರಿ ನಿವೃತ್ತರಾಗಿ ಧಾರವಾಡ ಸೇರಿದ್ದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು; ಅವಳು ಎರಡನ್ನೂ ಮಾಡಿ ಕೂತಿದ್ದಳು.

ಅಂದೇ ಅಂಕಿ ಇಳಿಸಿದ ಗೆರೆಯನ್ನೂ ದಾಟಿ ಕೆಳಗಿಳಿಯಿತು; ಇಳಿತದ ಹೊತ್ತಿಗೆ ಸೈರನ್ ಕೂಗಿತು. ಕೆಸರಿನಲ್ಲಿದ್ದ ಹೆಂಗಸರು ತಲೆಯೆತ್ತಿ ನೋಡಿದರು.

"ಶೇವ್ತಿ ಎಂಜಲು ಮತ್ತೆ ಕೂಗ್ತಾ ಅದೆ!" ಎಂದಳು ಸಾತಕ್ಕ. ನಗು ಎದ್ದಿತು. ಎಲ್ಲರೂ ಮತ್ತೆ ಬಗ್ಗಿ ಹೆಕ್ಕತೊಡಗಿದರು.

ಶೇವಂತಿ ಗುಡ್ಡದಿಂದ ಓಡಿಬಂದು ನೀರಿಗೆ ಇಳಿದಳು. ಅವರಿವರ ಬುಟ್ಟಿಗೆ ಕೈಹಾಕಿದಳು, ಕೈಮುಗಿದಳು, ಕೂಗಾಡಿದಳು. ಅವರು ಅವಳನ್ನು ಬೈಯಲಿಲ್ಲ, ತಳ್ಳಲಿಲ್ಲ. ಹೊತ್ತ ಮೀನು ಮಾರಿಹೋಗದ ಮೀನುಗಾರ್ತಿಯನ್ನು ನೋಡುವಂತೆ ಮರುಕದಿಂದ ನೋಡಿ ತುಂಬಿದ ಬುಟ್ಟಿ ತಲೆಗೇರಿಸಿ ಒಬ್ಬೊಬ್ಬರಾಗಿ ಹೊರಟರು. ಕಡೆಗೆ ಉಳಿದವಳು ಹೊನ್ನಿ.

"ಅಕ್ಕ, ನೀನಾದ್ರೂ ಕೇಳೆ. ಈ ಸಲ ಖರೆ."

ಹೊನ್ನಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಅವಳನ್ನೇ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಆಗೂ ಹಿಂಗೇ ಹೇಳಿದ್ಯಲ್ಲೆ ತಂಗಿ. ಇದೇ ದನಿ, ಇದೇ ಕಣ್ಣು. ನಂಗೆ ಹೆಂಗೆ ಗೊತ್ತಾಗ್ಬೇಕು, ನೀನೇ ಹೇಳು."

ಯಂತ್ರ, ಅಂಕಿ, ಗೆರೆ ಯಾವುದಕ್ಕೂ ಈಗ ಕವಡೆ ಕಿಮ್ಮತ್ತಿಲ್ಲ. ಶೇವಂತಿ ಅಕ್ಕನ ಬುಟ್ಟಿಯಿಂದ ಬಳಚುಗಳನ್ನು ತೆಗೆದಳು. ಕೆಲವು ಆಗಲೇ ಬಾಯಿಬಿಟ್ಟಿದ್ದವು. ಚಿಪ್ಪು ಅಗಲಿಸಿ ಹಸಿಮಾಂಸವನ್ನು ಬಾಯಿಗೆ ಹಾಕಿ ಅಗಿದು ನುಂಗಿದಳು, ಒಂದಾದ ಮೇಲೊಂದು.

"ಎಂತ ಮಾಡ್ತೆ? ಹಸೀದು ತಿಂತೀಯಾ? ಹುಚ್ಚು ಹಿಡೀತಾ?" ಹೊನ್ನಿ ಅವಳ ಕೈ ಹಿಡಿದಳು.

"ಕಾದು ನೋಡೆ ಅಕ್ಕ. ನಿಂತ್ಕ ಇಲ್ಲೇ."

ಇಬ್ಬರೂ ದಡದಲ್ಲಿ ಕೂತರು. ಮೇಲೆ ಸೈರನ್ ಕೂಗುತ್ತಲೇ ಇತ್ತು. ಇಳಿದ ನೀರು ಮತ್ತೆ ಏರತೊಡಗಿದಾಗ ಶೇವಂತಿ ತುಟಿ ಮುಟ್ಟಿ ನೋಡಿಕೊಂಡಳು. ಅವಳು ಏನೋ ಹೇಳಲು ಹೋದಳು, ನಾಲಿಗೆ ಹೊರಳಲಿಲ್ಲ. ಬಾಯಿಯಂಚಿನಿಂದ ಎಂಜಲು ಇಳಿದು ಕುಪ್ಪಸದ ಮೇಲೆ ಬಿತ್ತು. ಅದನ್ನು ತಡೆಯುವ ಶಕ್ತಿ ಅವಳ ತುಟಿಗಿರಲಿಲ್ಲ.

ಹೊನ್ನಿಗೆ ತಿಳಿಯಿತು. ಶಾಲೆಯ ಜಗಲಿಯಲ್ಲಿ ತಂಗಿ ಹೇಳಿದ್ದ ಒಂದೊಂದು ಮಾತೂ ಅವಳಿಗೆ ನೆನಪಿತ್ತು: ಮೊದಲು ತುಟಿ, ಆಮೇಲೆ ನಾಲಿಗೆ, ಕಡೆಗೆ ಎದೆ. ಸೆರಗಿನಿಂದ ತಂಗಿಯ ಬಾಯಿ ಒರೆಸಿದಳು. "ನಂಬಿದೆ ಮಗಾ, ನಂಬಿದೆ," ಎನ್ನುತ್ತ ಬುಟ್ಟಿಯನ್ನು ಕಾಲಿನಿಂದ ಒದ್ದು ನೀರಿಗೆ ಬೋರಲು ಹಾಕಿದಳು. ಅವಳನ್ನು ಎಬ್ಬಿಸಿ ಬೆನ್ನಿಗೆ ಹಾಕಿಕೊಂಡು, "ಯಾರೂ ತಿನ್ಬೇಡಿ! ಯಾರೂ ತಿನ್ಬೇಡಿ!" ಎಂದು ಕಿರುಚುತ್ತ ಊರಿನ ಕಡೆ ಓಡಿದಳು. ಸೈರನ್ನಿನ ಸದ್ದಿನಲ್ಲಿ ಅವಳ ಕೂಗು ಹತ್ತಡಿ ಆಚೆಗೂ ಕೇಳಿಸುತ್ತಿರಲಿಲ್ಲ.

ಮೊದಲ ಮನೆ ಸಾತಕ್ಕನದು. ಅಲ್ಲಿ ಒಲೆ ಆರಿಸಿ, ಎಲ್ಲರಿಗೂ ಬಳಚು ಬಡಿಸಿಯಾಗಿತ್ತು.